ಬಕೆಟ್ಟಿಗೆ ಬಿದ್ದ ಪದರ

ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದಿದ್ದರು. ಮಳೆ ಬಂದು ಹೋದ ಮೇಲೆ ನೆತ್ತಿಯಲ್ಲಿ ಬಿರುಕು ಮೂಡಿತ್ತು. ಅಂದಿನಿಂದ ಅವಳಿಗೆ ಸರಿಯಾದ ನಿದ್ದೆಯಿಲ್ಲ. ಮಣ್ಣು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳದೇ ಕೊನೆಯ ಮಾತು; ಗುಡ್ಡದ ಕೆಳಗಿನ ಮನೆಗಳ ಸಾಲಿನಲ್ಲಿ ಅವಳ ಅಕ್ಕನ ಸಂಸಾರ. ಮಣ್ಣು ಗಟ್ಟಿಯೆಂದು ತಿಳಿದಾಗ ಅವಳೇ ಮನೆಮನೆಗೆ ಹೋಗಿ, ಹೆದರಬೇಡಿರೆಂದು ಹೇಳಿ ಬಂದಿದ್ದಳು.

ಗುಡ್ಡ ಕೊರೆದು ಕೊಳವೆಯಲ್ಲಿ ತಂದ ಮಣ್ಣನ್ನು ತಂತಿಯಿಂದ ಹೆರೆದು ನುಣುಪಾದ ಉರುಳೆ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಎಲ್ಲ ಉರುಳೆಗಳೂ ಯಂತ್ರದ ಒತ್ತಡಕ್ಕೆ ಜಗ್ಗದೆ ನಿಂತಿದ್ದವು. ಆದರೂ ಬಿರುಕು ಅಗಲವಾಗುತ್ತಲೇ ಇತ್ತು.

"ಗುಡ್ಡಕ್ಕೆ ನಿಮ್ಮ ಲೆಕ್ಕ ಓದೋಕೆ ಬರಲ್ಲ ಅನ್ಸುತ್ತೆ ಮೇಡಂ," ಎಂದ ಪಕ್ಕದ ಮೇಜಿನ ಸಹೋದ್ಯೋಗಿ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. "ನೀವೇ ಹೋಗಿ ಓದಿ ಹೇಳ್ಬಿಡಿ."

ನಗಲು ಅವಳಲ್ಲಿ ತ್ರಾಣವಿರಲಿಲ್ಲ. ಯಂತ್ರಕ್ಕೆ ಕೊಡದೆ ಬಿಟ್ಟ ಮಣ್ಣು ಯಾವುದು? ಹಾಗೆಂದುಕೊಂಡಾಗ ಕಣ್ಣು ಮೇಜಿನಡಿಯ ಬಕೆಟ್ಟಿನತ್ತ ಹೊರಳಿತು.

ಪ್ರತಿ ಕೊಳವೆಯಲ್ಲೂ ಬೆರಳಗಲದ ಬೂದು ಪದರವೊಂದಿತ್ತು. ಹೆರೆಯುವಾಗ ಉರುಳೆ ಅಲ್ಲೇ ಮುರಿಯುತ್ತಿತ್ತು. ಮುರಿದ ಉರುಳೆ ಯಂತ್ರಕ್ಕೆ ಒಗ್ಗದು. ಆದ್ದರಿಂದ ಅವಳು ಆ ಪದರವನ್ನು ಕತ್ತರಿಸಿ ಎಸೆದು, ಚೆಂದದ ತುಂಡನ್ನಷ್ಟೇ ಉಳಿಸಿಕೊಂಡಿದ್ದಳು. ಬಕೆಟ್ಟಿನಿಂದ ಚಿಟಿಕೆ ತೆಗೆದು ಹಿಸುಕಿದಳು. ನೆಂದ ಸಾಬೂನಿನಂತೆ ಬೆರಳ ಸಂದಿಯಿಂದ ಜಾರಿತು.

ಅದನ್ನೇ ಅಚ್ಚಿಗೆ ತುಂಬಿ, ನೀರು ಕುಡಿಸಿ, ಪಕ್ಕಕ್ಕೆ ತಳ್ಳುವ ಇನ್ನೊಂದು ಯಂತ್ರಕ್ಕೆ ಕೊಟ್ಟು ನೋಡಿದಳು. ಲೆಕ್ಕ ಹೊಸದಾಗಿ ಹಾಕಿದಳು. ಗುಡ್ಡವನ್ನು ಜಾರಿಸುವ ಭಾರದ ಮುಂದೆ ತಡೆಯುವ ಬಲ ಸೋತಿತ್ತು.

"ಬಕೆಟ್ ಖಾಲಿ ಮಾಡ್ಬೇಡಿ," ಎಂದಳು. ಮೀಸೆ ಬಕೆಟ್ಟನ್ನು ಎತ್ತಿ ಮೇಜಿನ ಮೇಲಿಟ್ಟ.

ಅಕ್ಕನಿಗೆ ಫೋನ್ ಮಾಡಿದಳು. "ಮನೆ ಬಿಡ್ಬೇಕು ಕಣೇ. ಈಗ್ಲೇ."

"ಏನೂ ಆಗಲ್ಲ ಅಂದವಳು ನೀನೇ ಅಲ್ವಾ? ನಿನ್ನ ಮಾತು ನಂಬಿ ಕಟ್ಟಿದ್ದ ಗಂಟೆಲ್ಲ ಬಿಚ್ಚಿದೀನಿ!"

"ತಪ್ಪು ನಂದೇ. ಕೆಟ್ಟ ಮಣ್ಣು ಎಸೆದು ಒಳ್ಳೇದನ್ನ ಮಾತ್ರ ನೋಡ್ದೆ."

"ನಿಮ್ಮ ಭಾವ ಈಗಷ್ಟೇ ಬೀರು ಒಳಗೆ ಎಳೆದಿಟ್ರು. ಅವರ ಸೊಂಟಕ್ಕೆ ನೀನೇ ಸಮಾಧಾನ ಹೇಳು."

"ಬೀರು ಅಲ್ಲೇ ಇರ್ಲಿ. ಮಕ್ಕಳನ್ನ ಕರ್ಕೊಂಡು ಹೊರಡಿ."

"ಪಕ್ಕದ ಮನೆಯವ್ರಿಗೆ?"

"ನಾನೇ ಬರ್ತೀನಿ."

ಮೇಲಧಿಕಾರಿಗಳಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಮೀಸೆಗೆ ಒಪ್ಪಿಸಿ ಹೊರಟಳು. ಉಗುರಿನ ಸಂದಿಯ ಬೂದು ಮಣ್ಣನ್ನೂ ತೊಳೆಯದೆ, ಸಾಲಿನ ಮೊದಲ ಮನೆಯ ಕದ ತಟ್ಟಿದಳು.