ಗೆರೆ ಸೇರದ ಚುಕ್ಕೆ

ನಿಮ್ಮನ್ನು ಯಾರೂ ಓದಲೇ ಇಲ್ಲವಾ ಮೇಡಂ — ಬಾಯಿಬಿಟ್ಟೇ ಕೇಳಿಬಿಟ್ಟೆ, ವಿಭಾಗದ ಕೋಣೆಯಲ್ಲಿ ಯಾರೂ ಇಲ್ಲ, ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ, ಪರದೆಯ ಮೂಲೆಯಲ್ಲಿ ಆ ಬೂದು ಚುಕ್ಕೆ, ನನಗೆ ಸಂಶೋಧನೆ ಕಲಿಸಿದ ಮೇಡಂ ಅವರ ಚುಕ್ಕೆ, ಅದಕ್ಕೆ ಒಂದು ಗೆರೆಯೂ ಬಂದು ಸೇರಿಲ್ಲ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಗಸರ ಬಗ್ಗೆ ಹೋದ ವರ್ಷದವರೆಗೆ ಲೋಕ ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೇನೆ, ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಎಣಿಸಿ ಅದು ನಕ್ಷೆ ಬಿಡಿಸುತ್ತದೆ, ಬರೆದವರು ಚುಕ್ಕೆ, ಉಲ್ಲೇಖ ಗೆರೆ, ನಡುವೆ ಮದುವೆಮನೆಯ ಗಿಜಿಗಿಜಿ, ಅಲ್ಲಿ ನಾಲ್ಕೈದು ಮಂದಿ ತಮ್ಮತಮ್ಮಲ್ಲೇ ಬೆನ್ನು ತಟ್ಟಿಕೊಂಡು ದಪ್ಪಗಾಗಿದ್ದಾರೆ — ಅಜ್ಜಿ ಮುಸ್ಸಂಜೆಗೆ ಪದ್ಯ ಹೇಳುತ್ತಿದ್ದಳು, ಅರ್ಥವಾಗದಿದ್ದರೂ ನಾನು ಕಿವಿ ತುಂಬಿಕೊಳ್ಳುತ್ತಿದ್ದೆ, ಕೊನೆಯಲ್ಲಿ ಬರೆದವನ ಹೆಸರು ಬಂದಾಗ ಅವಳ ದನಿ ತಗ್ಗುವುದು, ಹೆಸರು ನುಂಗ್ಬಾರ್ದು ಮಗಾ, ನುಂಗಿದ್ರೆ ಪದ್ಯ ಕದ್ದ ಹಾಗೆ, ನನಗೆ ಇಂದಿಗೂ ಉಲ್ಲೇಖವೆಂದರೆ ಆ ತಗ್ಗಿದ ದನಿ, ಕೈಮುಗಿಯುವುದು. ಬೆಳಿಗ್ಗೆ ಮುಖ್ಯಸ್ಥರು ಬಾಗಿಲಲ್ಲೇ ನಿಂತು, ಏನ್ರೀ ಇದು, ಅಂಚಲ್ಲೆಲ್ಲ ನೊಣ ಕೂತ ಹಾಗೆ, ಗೆರೆ ಇಲ್ಲದ್ದನ್ನೆಲ್ಲ ತೆಗೀರಿ, ಎಲ್ಲರೂ ಹಾಗೇ ಮಾಡೋದು, ಸಂಜೆ ಕಳಿಸ್ಬೇಕು. ಹೌದು, ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡುತ್ತ ಬಂದವಳೇ, ಆದರೆ ಇದನ್ನು ತೆಗೆದರೆ ಈ ವಿಷಯದಲ್ಲಿ ಮೇಡಂ ಇದ್ದರು ಎನ್ನುವುದೇ ಇಲ್ಲವಾಗುತ್ತದೆ, ಮುಂದೆ ಬರುವವರು ಈ ನಕ್ಷೆಯನ್ನೇ ಅಲ್ಲವೇ ನೋಡುವುದು — ಬಾರೇ, ಊಟ ಆಯ್ತಾ, ಎನ್ನುತ್ತಿದ್ದರು ಮೇಡಂ, ಅವರು ನಿವೃತ್ತರಾದ ಮೇಲೆ ಈ ಕೋಣೆಯಲ್ಲಿ ನನ್ನನ್ನು ಹಾಗೆ ಯಾರೂ ಕೇಳಿಲ್ಲ, ಡಬ್ಬಿ ತೆರೆದು ಗೋಡೆ ನೋಡಿಕೊಂಡು ಉಣ್ಣುತ್ತೇನೆ. ಒಂದೇ ಒಂದು ಗೆರೆ ಸಾಕು, ಮುಂದಿನ ತಿಂಗಳು ಬರುವ ನನ್ನ ಲೇಖನದಲ್ಲಿ ಅವರ ಹೆಸರಿದೆ, ಅದನ್ನೂ ಇದರೊಳಗೆ ಸೇರಿಸಿಬಿಟ್ಟರೆ ಮೂಲೆಯಲ್ಲಿ ಚುಕ್ಕೆ ಎರಡಾಗುತ್ತವೆ, ಅವರು, ನಾನು. ಫೋನ್ ಮಾಡಿಯೇಬಿಟ್ಟೆ, ದನಿ ಎಷ್ಟು ಸಣ್ಣಗಾಗಿದೆ, ಏನೇ, ಬದುಕಿದೀನಾ ಅಂತ ನೋಡೋಕಾ, ನಕ್ಕರು, ಅವರ ಚುಕ್ಕೆಗೆ ಗೆರೆಯಿಲ್ಲದ್ದು, ಮುಖ್ಯಸ್ಥರು ತೆಗೀರಿ ಅಂದದ್ದು, ಎಲ್ಲ ಹೇಳಿದೆ, ಒಂದೂ ಇಲ್ವಾ ಅಂದರು, ಆಮೇಲೆ ಲೋಟ ಕೆಳಗಿಟ್ಟ ಸದ್ದು. ನನ್ನದನ್ನ ಸೇರಿಸ್ತೀನಿ ಮೇಡಂ, ನಿಮ್ಮನ್ನ ಓದಿಯೇ ಬರೆದದ್ದು, ಸುಳ್ಳೇನಲ್ಲವಲ್ಲ, ಹೂಂ ಅನ್ನಿ — ಹೋದ ವರ್ಷದವರೆಗೆ ಬಂದದ್ದು ಮಾತ್ರ ಎಣಿಸೋದು ಅಂತ ನೀನೇ ಬರ್ದಿದೀಯ ತಾನೇ? ಹೌದು. ಮತ್ತೆ? ಎಣಿಸೋಳು ನೀನು, ತಕ್ಕಡಿ ಮೇಲೆ ನೀನೇ ಹತ್ತಿ ಕೂರ್ತೀಯಾ — ಆಚೆಯಿಂದ ಉಸಿರು ಕೇಳಿಸುತ್ತಿದೆ, ಅದನ್ನೇ ಕೇಳುತ್ತ ಸಂಜೆಯವರೆಗೆ ಕೂರಬಹುದು, ಬೂದು ಚುಕ್ಕೆ, ಅದರ ಮೇಲೆ ಮೌಸಿನ ಬಾಣ, ಒಂದೇ ಗೆರೆ ಮೇಡಂ — ಬೇಡ, ಅಂದರು, ತೆಗಿ.