ಏಳನೇ ಮನೆಯ ಒಡತಿ

ಒಂದು ಬಕೆಟ್ ಹಸಿ ಸೆಗಣಿಗೆ ಐವತ್ತು ಶಿಲ್ಲಿಂಗ್. ಲಾಡ್ಜ್ ಕಟ್ಟಿಸಿದ ಕಂಪನಿ ಅದನ್ನು ನಮ್ಮಿಂದಲೇ ಕೊಂಡಿತು. ಸೆಗಣಿಗೂ ಬೆಲೆಯಿದೆ ಎಂದು ನಮ್ಮ ಹಟ್ಟಿಯಲ್ಲಿ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೊದಲ ವಾರ ಹೆಂಗಸರು ಬಕೆಟ್ ಹಿಡಿದು ಹಸುಗಳ ಬಾಲದ ಹಿಂದೆಯೇ ನಡೆದರು. ಗೋಡೆ ಮೆತ್ತುವವರಿಗೆ ದಿನಕ್ಕೆ ಏಳುನೂರು, ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ ಉಗಾಲಿ ಮತ್ತು ಸೊಪ್ಪು. ಗೋಡೆಯ ಹಂದರಕ್ಕೆ ಬೇಕಾದ ಕಡ್ಡಿ ಹೊರೆಗೆ ಮುನ್ನೂರು. ತಾಮ್ರದ ಸ್ನಾನದ ತೊಟ್ಟಿ ಮಾತ್ರ ಸಮುದ್ರ ದಾಟಿ ಬಂತು, ಒಂದಕ್ಕೆ ಆರು ಲಕ್ಷ ನಲವತ್ತು ಸಾವಿರ. ಹೀಗೆ ಎದ್ದು ನಿಂತ ಮನೆಯಲ್ಲಿ ಗಂಡ ಹೆಂಡತಿ ಒಂದು ರಾತ್ರಿ ಮಲಗಿ ಏಳಬೇಕಾದರೆ ಎರಡು ಲಕ್ಷ ನಲವತ್ತು ಸಾವಿರ ಶಿಲ್ಲಿಂಗ್ ಕೊಡಬೇಕು. ಊಟ ಮತ್ತು ಸಿಂಹ ಅದರಲ್ಲೇ ಸೇರಿದೆ.

ಕಾಡುಪ್ರಾಣಿ ನೋಡಲು ಬರುವವರು ತಂಗುವ ಈ ಲಾಡ್ಜಿನಲ್ಲಿ ನಾನು ಹಾಸಿಗೆ ಬಟ್ಟೆಗಳ ಮೇಲ್ವಿಚಾರಣೆ ನೋಡುತ್ತ ಇಪ್ಪತ್ತೆರಡು ವರ್ಷವಾಯಿತು. ಮೊದಲು ಇಲ್ಲಿ ಸಿಮೆಂಟಿನ ಕೋಣೆಗಳಿದ್ದವು, ಮೇಲೆ ತಗಡು. ಹೊಸ ಕಂಪನಿ ಬಂದು, ಇದು ಹಳೆಯ ಕಾಲದ್ದು, ಈಗಿನ ಅತಿಥಿಗಳಿಗೆ ಇಲ್ಲಿನ ಮಾಸಾಯಿ ಜನರ ಸೆಗಣಿ ಮೆತ್ತಿದ ಮನೆಯೇ ಬೇಕು ಎಂದು ಎಲ್ಲವನ್ನೂ ಕೆಡವಿಸಿತು. ಕೆಡವಿದ ತಗಡನ್ನು ನಮ್ಮ ಹೆಂಗಸರು ಕತ್ತೆಗಳ ಮೇಲೆ ಹೇರಿಕೊಂಡು ಬಂದರು. ಆರು ತಿಂಗಳಲ್ಲಿ ನಮ್ಮ ಹಟ್ಟಿಯ ಅರ್ಧ ಮನೆಗಳ ಮೇಲೆ ಲಾಡ್ಜಿನ ತಗಡು, ಲಾಡ್ಜಿನ ಮೇಲೆ ನಮ್ಮ ಸೆಗಣಿ. ಎರಡು ಕಡೆಯವರೂ ತಾವು ಗೆದ್ದೆವು ಎಂದುಕೊಂಡರು.

ಲಾಡ್ಜಿನ ಹನ್ನೆರಡು ಹೊಸ ಮನೆಗಳಲ್ಲಿ ಏಳನೆಯದನ್ನು ಮೆತ್ತಿದವಳು ನಾಲಂಗು ಅಕ್ಕ, ನನ್ನ ಹಿರಿಯ ಸವತಿ. ನಮ್ಮಿಬ್ಬರ ಗಂಡ ತೀರಿಕೊಂಡು ಏಳು ವರ್ಷ. ಅವನಿದ್ದಾಗ ಜಗಳವಾಡಲು ನಮಗೆ ಒಂದು ಕಾರಣವಿತ್ತು. ಈಗ ಅದೂ ಇಲ್ಲದೆ ಅಕ್ಕತಂಗಿಯರಂತೆ ಇದ್ದೇವೆ. ಹಾಲಿಗೆ ಎರಡು ಹಸು ಬಿಟ್ಟರೆ ಅರವತ್ತು ದಾಟಿದ ಅವಳ ಬಳಿ ಇದ್ದದ್ದು ಹತ್ತೊಂಬತ್ತು ಹೆಣ್ಣುಕುರಿಗಳು. ಮುಪ್ಪಿಗೆ ಇದ್ದ ಆಸರೆ ಅದಷ್ಟೇ. ಅದಕ್ಕಿಂತ ದೊಡ್ಡ ಆಸ್ತಿ ಅವಳ ಹೆಸರು. ನಾಲಂಗುವಿನ ಮನೆಯಿಂದ ಹಾಲು ಕುಡಿಯದೆ ಎದ್ದು ಹೋದವರಿಲ್ಲ ಎಂದು ನದಿಯ ಎರಡೂ ದಂಡೆಯಲ್ಲಿ ಹೇಳುತ್ತಿದ್ದರು.

ನಮ್ಮಲ್ಲಿ ಮನೆ ಕಟ್ಟುವವಳು ಹೆಂಗಸು, ಆದ್ದರಿಂದ ಮನೆಯೂ ಅವಳದೇ. ಗಂಡಸಿಗೆ ದನಗಳಿರುತ್ತವೆ, ಮನೆ ಇರುವುದಿಲ್ಲ. ಹೆಂಡತಿ ಬಾಗಿಲು ಬಿಟ್ಟರೆ ಮಲಗುತ್ತಾನೆ. ಕಡ್ಡಿ ನೆಟ್ಟು, ಮೆತ್ತಿ, ತನ್ನ ಒಲೆಯ ಕೆಂಡ ತಂದು ಒಳಗೆ ಬೆಂಕಿ ಹಚ್ಚಿದವಳ ಮನೆ ಅದು. ಈ ಮಾತು ನಮಗೆ ಉಸಿರಾಟದಷ್ಟು ಸಹಜ. ಹಾಗಾಗಿ ಯಾರೂ ಕಂಪನಿಗೆ ಅದನ್ನು ಹೇಳಲಿಲ್ಲ, ಕಂಪನಿಯೂ ಕೇಳಲಿಲ್ಲ.

ಉಳಿದ ಹನ್ನೊಂದು ಹೆಂಗಸರು ಕೂಲಿ ತೆಗೆದುಕೊಂಡು, ಕೈ ತೊಳೆದು ಹೋದರು. ನಾಲಂಗು ಅಕ್ಕನಿಗೆ ಅರ್ಧ ಕೆಲಸ ಬರುವುದಿಲ್ಲ. ಮೆತ್ತಿದ್ದು ಒಣಗಿದ ದಿನ ಒಡಕು ಮಡಕೆಯಲ್ಲಿ ತನ್ನ ಒಲೆಯ ಕೆಂಡ ಹೊತ್ತು ಬಂದಳು. ನಕ್ಷೆ ಬರೆದ ಇಟಲಿಯ ಹೆಂಗಸು ಅದನ್ನು ನೋಡಿ ಕಣ್ಣೊರೆಸಿಕೊಂಡಳು, ನಲವತ್ತು ಫೋಟೋ ತೆಗೆದಳು.

"ಇದಕ್ಕೆ ಏನರ್ಥ?" ಎಂದು ನನ್ನನ್ನು ಕೇಳಿದಳು.

"ಮನೆಗೆ ಒಳ್ಳೆಯದಾಗಲಿ ಅಂತ," ಎಂದೆ. ಪೂರ್ತಿ ಹೇಳಿದ್ದರೆ ಅವತ್ತೇ ಒಂದು ಗೊಂದಲ. ಲಾಡ್ಜ್ ಶುರುವಾದ ಮೇಲೆ ಕಾವಲಿನವರು ಒಳಗೆ ಬಿಡುವುದಿಲ್ಲ, ಅವಳಿಗೇ ತಿಳಿಯುತ್ತದೆ ಎಂದುಕೊಂಡಿದ್ದೆ. ಆದರೆ ಕಾವಲಿಗಿದ್ದವನು ನಮ್ಮ ಕುಲದವನೇ. ತನ್ನ ಮನೆಗೆ ಹೋಗುತ್ತಿರುವ ಹಿರಿಯಳನ್ನು ತಡೆಯುವಷ್ಟು ಧೈರ್ಯ ಅವನಿಗೆಲ್ಲಿ? ತಲೆ ಬಗ್ಗಿಸಿ ಆಶೀರ್ವಾದ ತೆಗೆದುಕೊಂಡು ಗೇಟು ತೆರೆದ.

ಮೊದಲ ಅತಿಥಿಗಳು ಡೆನ್ಮಾರ್ಕಿನವರು. ಹೆನ್ನಿಂಗ್ ಎಂಬ ಮುದುಕ, ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು, ಅವನ ಹೆಂಡತಿ ಬಿರ್ತೆ. ಮ್ಯಾನೇಜರ್ ಗಿಚೂರು ಬಾಗಿಲು ತೆರೆದು "ನಿಮ್ಮ ಮನೆ" ಎಂದು ಕೈ ಚಾಚಿದ. ಒಳಗೆ ಒಲೆಯ ಪಕ್ಕದ ಕುಳ್ಳು ಮಣೆಯ ಮೇಲೆ, ಮಣಿಸರ ಹಾಕಿಕೊಂಡು, ಹಾಲು ತುಂಬಿದ ಸೋರೆಬುರುಡೆ ಹಿಡಿದು ನಾಲಂಗು ಅಕ್ಕ ಕೂತಿದ್ದಳು.

ಗಿಚೂರು ನನ್ನನ್ನು ಹೊರಗೆಳೆದ. "ಅಮ್ಮಾ, ಯಾರಿದು? ಯಾರು ಬಿಟ್ಟಿದ್ದು ಇವರನ್ನ?"

"ಅವಳ ಮನೆ ಸಾರ್."

"ಅವರ ಮನೇನಾ? ತೊಟ್ಟೀನೂ ಅವರದ್ದೇನಾ?"

"ತೊಟ್ಟಿ ನಿಮ್ಮದೇ ಸಾರ್. ಅದನ್ನ ಅವಳು ಕೇಳಿಲ್ಲ."

ಅಷ್ಟರಲ್ಲಿ ಒಳಗೆ ಮೂವರೂ ಹಾಲು ಕುಡಿದಾಗಿತ್ತು. ಬಿರ್ತೆಯ ತುಟಿಯ ಮೇಲೆ ಬಿಳಿ ಮೀಸೆ. ನಾಲಂಗು ಅಕ್ಕ ನನ್ನನ್ನು ಕರೆದಳು.

"ಲೇ ರೆಸಿಯಾತೊ, ಕೇಳೇ ಇವರನ್ನ. ಇವರ ದನಗಳೆಲ್ಲ ಹೇಗಿವೆಯಂತೆ? ಮಕ್ಕಳು ಎಷ್ಟು? ಈ ಯಪ್ಪ ಯಾಕೆ ಇಷ್ಟು ಬೆಳ್ಳಗಿದ್ದಾನೆ, ರಕ್ತ ಕಡಿಮೆಯಾ?"

ಮೂರನೆಯದನ್ನು ಬಿಟ್ಟು ಕೇಳಿದೆ. ದನ ಇಲ್ಲ, ಮಕ್ಕಳು ಇಬ್ಬರು ಎಂದರು. ದನವಿಲ್ಲದವರು ಎಂದು ಅವಳು ಮರುಕಪಟ್ಟು ಇನ್ನೊಂದು ಸುತ್ತು ಹಾಲು ಹಾಕಿದಳು. ಸಂಜೆಯ ಊಟದ ಹೊತ್ತಿಗೆ ಇಡೀ ಲಾಡ್ಜಿನಲ್ಲಿ ಅದೇ ಮಾತು. ಗಿಚೂರುವಿನ ಕೋಪ ಇಳಿಯಿತು. ಅತಿಥಿ ನಗುತ್ತಿದ್ದರೆ ಮ್ಯಾನೇಜರ್ ಕೋಪ ಮಾಡಿಕೊಳ್ಳುವುದಿಲ್ಲ.

ಮೂರನೆಯ ಬೆಳಿಗ್ಗೆ ಅವರು ಹೊರಡುವಾಗ ಬಿರ್ತೆ ಎರಡು ನೋಟು ಮಡಚಿ ಅಕ್ಕನ ಕೈಗಿಟ್ಟಳು.

"ಏನಂತೆ ಇದು?"

"ಖುಷಿಗೆ ಕೊಟ್ಟಿದ್ದು ಅಕ್ಕಾ, ಇಟ್ಕೋ."

"ವಾಪಸ್ ಕೊಡು. ಮನೆಗೆ ಬಂದವರ ಹತ್ತಿರ ದುಡ್ಡು ತಗೊಳ್ಳೋದಾ?"

ಹೆನ್ನಿಂಗ್ ನಕ್ಕು, ಎರಡು ರಾತ್ರಿಗೆ ನಾವು ಕೊಟ್ಟಿರುವುದನ್ನು ನೋಡಿದರೆ ಇದು ಏನೂ ಅಲ್ಲ ಎಂದ. ನಾನು ಸುಮ್ಮನಿರಬಹುದಾಗಿತ್ತು. ಆದರೆ ಅವಳ ಕಣ್ಣು ನನ್ನ ಮುಖದ ಮೇಲಿತ್ತು, ಮೂವತ್ತು ವರ್ಷ ಒಂದೇ ಹಟ್ಟಿಯಲ್ಲಿದ್ದವಳ ಮುಂದೆ ಮುಖ ಸುಳ್ಳು ಹೇಳುವುದಿಲ್ಲ. ಇಲ್ಲಿ ಮಲಗಿದ್ದಕ್ಕೆ ಇವರು ಕಂಪನಿಗೆ ದುಡ್ಡು ಕೊಟ್ಟಿದ್ದಾರೆ ಎಂದು ಹೇಳಿದೆ.

"ಎಷ್ಟು?"

ಅದನ್ನೂ ಹೇಳಿದೆ. ಒಂದು ಕುರಿಗೆ ಸಂತೆಯಲ್ಲಿ ಎಂಟು ಸಾವಿರ. ಅವಳು ಕುರಿಗಳಲ್ಲೇ ಲೆಕ್ಕ ಹಾಕಿದಳು. "ಒಂದು ರಾತ್ರಿಗೆ ಮೂವತ್ತು ಕುರಿನಾ!"

ನನಗೆ ದಿನಕ್ಕೆ ಏಳುನೂರು ಕೊಟ್ಟು ಅವರು ಇಷ್ಟು ತಗೋತಾರೆ ಎಂದು ಅವಳು ಸಿಡಿಯುತ್ತಾಳೆ ಎಂದುಕೊಂಡಿದ್ದೆ. ಕೂಲಿಯ ಮಾತು ಅವಳ ತಲೆಗೇ ಬರಲಿಲ್ಲ. ಮಣೆಯ ಮೇಲೆ ಕುಸಿದು ಶಾಲಿನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನ್ನ ಹಾಲು ಕುಡಿದವರ ಹತ್ತಿರ ಎರಡು ರಾತ್ರಿಗೆ ಅರವತ್ತು ಕುರಿ ಕಿತ್ಕೊಂಡಿದ್ದಾರೆ. ನನ್ನ ಮನೇಲಿ! ನದಿಯಾಚೆ ಗೊತ್ತಾದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ನೇರವಾಗಿ ಗಿಚೂರುವಿನ ಕೋಣೆಗೆ ನಡೆದಳು. ನಾನು ಹಿಂದೆ ಓಡಿದೆ.

"ಏನಪ್ಪಾ, ನಿನ್ನ ತಾಯಿ ಮನೆಗೆ ಬಂದವರಿಗೂ ನೀನು ಹೀಗೇ ಮಾಡ್ತೀಯಾ? ಅವರ ದುಡ್ಡು ವಾಪಸ್ ಕೊಡು."

ಗಿಚೂರು ಕೆಟ್ಟವನಲ್ಲ. ನೈರೋಬಿಗೆ ಫೋನು ಮಾಡಿ, ಮಾತಾಡಿ, ಮುಖವರಳಿಸಿಕೊಂಡು ಬಂದ. "ಅಮ್ಮಾ, ಇವರಿಗೆ ಹೇಳಿ. ತಿಂಗಳಿಗೆ ಇಪ್ಪತ್ತೈದು ಸಾವಿರ ಸಂಬಳ. ಈಗ ಕೂತ ಹಾಗೇ ಕೂತರೆ ಸಾಕು."

ಮೊದಲ ಹತ್ತು ವರ್ಷ ನನ್ನ ತಿಂಗಳ ಸಂಬಳವೂ ಅಷ್ಟಿರಲಿಲ್ಲ. ಆಸೆಯಿಂದಲೇ ಹೇಳಿದೆ. "ಒಪ್ಕೋ ಅಕ್ಕಾ. ಕೂತಿದ್ದಕ್ಕೆ ಯಾರು ಕೊಡ್ತಾರೆ?"

"ನನ್ನ ಮನೇಲಿ ನಾನು ಕೂತ್ಕೊಳ್ಳೋಕೆ ಇವನ ಹತ್ತಿರ ಕೂಲಿ ತಗೊಳ್ಳಲಾ? ಆಮೇಲೆ ಅದು ಯಾರ ಮನೆ ಆಗತ್ತೆ, ಹೇಳು? ನಿನಗೂ ಇಪ್ಪತ್ತೆರಡು ವರ್ಷದಲ್ಲಿ ಬುದ್ಧಿ ತೊಳೆದು ಇಸ್ತ್ರಿ ಮಾಡಿಬಿಟ್ಟಿದ್ದಾರೆ ಕಣೇ."

ದುಡ್ಡು ವಾಪಸ್ ಬರುವುದಿಲ್ಲ ಎಂದು ತಿಳಿದ ಮೇಲೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಹಟ್ಟಿಗೆ ಹೋಗಿ ರೊಪ್ಪದಿಂದ ಕಪ್ಪು ತಲೆಯ ಒಂದು ಒಳ್ಳೆಯ ಹೆಣ್ಣುಕುರಿಯನ್ನು ಎಳೆದು ತಂದಳು. ಜೀಪು ಹತ್ತುತ್ತಿದ್ದ ಹೆನ್ನಿಂಗನ ಕೈಗೆ ಹಗ್ಗ ಕೊಟ್ಟಳು. ನಮ್ಮಲ್ಲಿ ಕುರಿ ಕೊಟ್ಟವರು, ತೆಗೆದುಕೊಂಡವರು ಆಮೇಲೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಇಬ್ಬರೂ 'ಪಕೇರ್' ಎನ್ನುತ್ತಾರೆ, ಕುರಿಯ ನೆಂಟರು. ಅರವತ್ತಕ್ಕೆ ಒಂದು ಸಮವಲ್ಲ, ಆದರೆ ಮನೆಯ ಮಾನಕ್ಕೆ ಒಂದು ತೇಪೆ.

ಹೆನ್ನಿಂಗ್ ಗಾಬರಿಯಾದ. "ವಿಮಾನದಲ್ಲಿ ಬಿಡಲ್ವಲ್ಲ?"

"ನಿಮ್ಮ ಕುರಿ ಇಲ್ಲೇ ಮೇಯ್ತಾ ಇರತ್ತೆ. ಮರಿ ಹಾಕಿದ್ರೆ ಅದೂ ನಿಮ್ಮದೇ," ಎಂದು ಅವಳ ಮಾತನ್ನು ಹೇಳಿದೆ.

ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. ಜೀಪು ತಿರುವು ದಾಟುವವರೆಗೂ "ಪಕೇರ್! ಪಕೇರ್!" ಎಂದು ಕೂಗುತ್ತಲೇ ಹೋದ. ಊರಿಗೆ ಹೋಗಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಇದನ್ನೆಲ್ಲ ಬರೆದು, ಕುರಿಯ ಫೋಟೋ ಸಮೇತ ಲೋಕಕ್ಕೆ ತಿಳಿಸಿದ.

ಮುಂದಿನ ತಿಂಗಳಿಂದ ಬಂದವರೆಲ್ಲ ಏಳನೇ ಮನೆಯನ್ನೇ ಕೇಳತೊಡಗಿದರು. ಎಲ್ಲರೂ ಹಾಲು ಕುಡಿದರು. ಎಲ್ಲರೂ ದುಡ್ಡು ಕೊಟ್ಟಿದ್ದರು. ಆದ್ದರಿಂದ ಎಲ್ಲರಿಗೂ ನಾಲಂಗು ಅಕ್ಕ ಒಂದೊಂದು ಕುರಿ ಕೊಡಲೇಬೇಕಾಯಿತು. ಹತ್ತೊಂಬತ್ತಿದ್ದದ್ದು ಹದಿನಾಲ್ಕಾಯಿತು, ಹತ್ತಾಯಿತು. ಕುರಿಗಳೆಲ್ಲ ಅವಳ ರೊಪ್ಪದಲ್ಲೇ ಇದ್ದವು, ಆದರೆ ಮಾರುವಂತಿಲ್ಲ, ಕಡಿಯುವಂತಿಲ್ಲ. ಬೇರೆಯವರ ಆಸ್ತಿಯನ್ನು ಬಿಸಿಲಲ್ಲಿ ಮೇಯಿಸಿಕೊಂಡು, ಔಷಧ ಕುಡಿಸಿಕೊಂಡು ಬರುವುದಷ್ಟೇ ಅವಳ ಪಾಲು.

ನೀರಿನ ಕಡವಿನಲ್ಲಿ ಹೆಂಗಸರು ಬಿಡುತ್ತಾರೆಯೇ?

"ನಾಲಂಗು, ಆ ಕುಂಟು ಕುರಿ ಯಾವ ದೇಶದ್ದೇ?"

"ಅದು ಕೆನಡಾದ್ದು," ಎಂದು ಇನ್ನೊಬ್ಬಳು. "ಅದಕ್ಕೇ ಅದಕ್ಕೆ ಬಿಸಿಲು ಆಗಿಬರಲ್ಲ."

ಅವಳೂ ನಗುತ್ತಿದ್ದಳು. ಕುರಿ ಹೋದರೂ ಹೆಸರು ಉಳಿಯುತ್ತಿದೆ ಎಂಬ ನೆಮ್ಮದಿ ಇತ್ತು.

ಆಗ ಕಂಪನಿಯ ಹೊಸ ಪುಸ್ತಿಕೆ ಬಂತು. ನುಣ್ಣಗಿನ ಕಾಗದ, ಮೊದಲ ಪುಟದಲ್ಲಿ ಅಕ್ಕ ಮತ್ತು ಕುರಿ. ಏಳನೇ ಮನೆಗೆ ರಾತ್ರಿಯೊಂದಕ್ಕೆ ಎರಡು ಲಕ್ಷ ತೊಂಬತ್ತು ಸಾವಿರ, 'ಮನೆಯೊಡತಿಯಿಂದ ಕುರಿಯ ಕಾಣಿಕೆ ಸಹಿತ'. ಎಂಟು ಸಾವಿರದ ಕುರಿಯನ್ನು ಅವಳು ನಾಚಿಕೆ ತೊಳೆದುಕೊಳ್ಳಲು ಬಿಟ್ಟಿ ಕೊಡುತ್ತಿದ್ದಳು. ಕಂಪನಿ ಅದನ್ನೇ ಐವತ್ತು ಸಾವಿರಕ್ಕೆ ಮಾರುತ್ತಿತ್ತು.

ಪುಸ್ತಿಕೆಯನ್ನು ನಾಲ್ಕು ದಿನ ದಿಂಬಿನ ಚೀಲಗಳ ಕೆಳಗೆ ಬಚ್ಚಿಟ್ಟೆ. ನಾಲ್ಕು ದಿನದಲ್ಲಿ ಇನ್ನೂ ಮೂರು ಕುರಿ ಹೋದವು, ಅವಳಿಗೆ ಉಳಿದದ್ದು ಏಳೇ. ಐದನೆಯ ದಿನ ಹಾಲು ಕರೆಯುವ ಹೊತ್ತಿಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಅವಳು ಹಸುವಿನ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. "ಅಂದ್ರೆ ನಾನು ಕೊಟ್ಟಷ್ಟೂ ಅವರು ಜಾಸ್ತಿ ಕಿತ್ಕೋತಾರೆ."

"ಹೂಂ ಅಕ್ಕಾ."

"ಬಂದವರ ಹತ್ತಿರ ಕಿತ್ಕೊಳ್ಳೋಕೆ ನಾನೇ ಕೈ ಜೋಡಿಸ್ತಾ ಇದ್ದೀನಿ."

"ನೀನು ಒಳ್ಳೆ ಮನಸ್ಸಿಂದ ಮಾಡಿದ್ದು."

"ಮನಸ್ಸು ಯಾರಿಗೆ ಕಾಣ್ಸತ್ತೆ? ಜನ ನೋಡೋದು ಯಾರ ಮನೇಲಿ ಆಗ್ತಿದೆ ಅನ್ನೋದನ್ನ." ಕರುವನ್ನು ಪಕ್ಕಕ್ಕೆ ತಳ್ಳಿದಳು. "ದಿಂಬಿನ ಕೆಳಗೆ ಎಷ್ಟು ದಿನ ಇಟ್ಟಿದ್ದೆ?"

"ನಾಲ್ಕು."

"ಮೂರು ಕುರಿ ಆಯ್ತಲ್ಲೇ, ಪುಣ್ಯಾತ್ಗಿತ್ತಿ."

ಆ ಬೆಳಿಗ್ಗೆಯೇ, ಅತಿಥಿಗಳು ಪ್ರಾಣಿ ನೋಡಲು ಹೋದ ಸಮಯಕ್ಕೆ, ಲಾಡ್ಜಿಗೆ ಬಂದಳು. ಗೋಡೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಭ್ಯಾಸಬಲದಿಂದ ಎಂಜಲು ಹಚ್ಚಿ ಬೆರಳಲ್ಲಿ ತೀಡಿದಳು. ಆಮೇಲೆ ಒಲೆಯ ಕೆಂಡವನ್ನೆಲ್ಲ ಮಡಕೆಗೆ ತುಂಬಿಕೊಂಡು, ಉಳಿದ ಬೂದಿಯ ಮೇಲೆ ನೀರು ಹಾಕಿ ಹೊರಗೆ ಬಂದಳು. ಗಿಚೂರು ಎದುರಿಗೆ ಸಿಕ್ಕಿದ.

"ಅಜ್ಜೀ, ಎಲ್ಲಿಗೆ? ಹತ್ತು ಗಂಟೆಗೆ ಅಮೆರಿಕದವರು ಬರ್ತಾರೆ."

"ಬರಲಪ್ಪ. ಇವತ್ತಿಂದ ಇದು ನನ್ನ ಮನೆ ಅಲ್ಲ. ಇಲ್ಲಿ ನೀನು ಯಾರ ಹತ್ತಿರ ಏನು ಬೇಕಾದ್ರೂ ತಗೋ." ಗೇಟಿನ ಬಳಿ ನಿಂತು ಕಾವಲಿನವನಿಗೂ, ಸೆಗಣಿ ಮಾರಲು ಬಂದಿದ್ದ ಹೆಂಗಸರಿಗೂ ಕೇಳುವ ಹಾಗೆ ಅದನ್ನೇ ಇನ್ನೊಮ್ಮೆ ಹೇಳಿದಳು. ನದಿಯಾಚೆಗೆ ಸುದ್ದಿ ತಲುಪಲು ಅಷ್ಟು ಸಾಕು.

ಸಂಬಳವನ್ನು ನಲವತ್ತು ಸಾವಿರಕ್ಕೆ ಏರಿಸಿ ಗಿಚೂರು ಎರಡು ಸಲ ಹಟ್ಟಿಗೆ ಬಂದ. ಎರಡು ಸಲವೂ ಹೊಟ್ಟೆ ತುಂಬ ಹಾಲು ಕುಡಿದು ಹೋದ.

ಆಮೇಲೆ ಕಂಪನಿ ನೈರೋಬಿಯಿಂದ ನಾಟಕದ ಹೆಂಗಸೊಬ್ಬಳನ್ನು ಕರೆಸಿತು. ಅವಳಿಗೆ ಮಾಸಾಯಿ ಮಾತು ಬರುವುದಿಲ್ಲ, ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಉಳಿದಂತೆ ಒಳ್ಳೆಯವಳು. ಒಲೆಯಲ್ಲಿ ಗ್ಯಾಸಿನ ಉರಿ. ಕುರಿಯ ಬದಲು ಕುರಿಯ ಚಿತ್ರವಿರುವ ಪತ್ರ ಕೊಡುತ್ತಾರೆ, ಹೊರುವುದು ಸುಲಭ ಎಂದು ಅತಿಥಿಗಳಿಗೂ ಸಂತೋಷ. ಬೆಲೆ ಇಳಿದಿಲ್ಲ.

ಕಂಪನಿಗೆ ಏನೂ ನಷ್ಟವಾಗಲಿಲ್ಲ. ನಾಲಂಗು ಅಕ್ಕ ಕಳೆದುಕೊಂಡದ್ದು ಹನ್ನೆರಡು ಕುರಿ, ಅವು ಹಾಕುವ ಮರಿಗಳು, ಮತ್ತು ತಾನು ಜೀವಮಾನದಲ್ಲಿ ಕಟ್ಟಿದ್ದರಲ್ಲೆಲ್ಲ ಒಳ್ಳೆಯ ಮನೆ. ಆದರೆ ಅವಳ ಮನೆಯಲ್ಲಿ ಬಂದವರಿಂದ ದುಡ್ಡು ತೆಗೆದುಕೊಳ್ಳುತ್ತಾರೆ ಎಂದು ಈಗ ನದಿಯ ಯಾವ ದಂಡೆಯಲ್ಲೂ ಯಾರೂ ಹೇಳುವುದಿಲ್ಲ.