ಧಾರೆ ಸೀರೆಯ ಸುಕ್ಕುಗಳು

ನವೀನನ ಜೊತೆಗಿನ ಮದುವೆಗೆ ರಂಜಿತಾ ತನ್ನ ಧಾರೆ ಸೀರೆಯನ್ನು ಆನ್‌ಲೈನಿನಲ್ಲಿ ತರಿಸುವುದು ತಾಯಿ ಚಲುವಮ್ಮನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಮುಟ್ಟಿ ನೋಡದೆ, ಸೆರಗು ಬಿಡಿಸಿ ನೋಡದೆ ರೇಷ್ಮೆ ಕೊಳ್ಳುವುದುಂಟೆ? ಆದರೆ ಮಾವಿನ ಚಿಗುರಿನ ಆ ತಾಮ್ರದ ಬಣ್ಣ ಕುಶಾಲನಗರದ ಅಂಗಡಿಗಳಲ್ಲಿ ಸಿಕ್ಕಿರಲಿಲ್ಲ, ಮೈಸೂರಿನಲ್ಲೂ ಸಿಕ್ಕಿರಲಿಲ್ಲ.

ಹಾರಂಗಿ ಪಕ್ಕದ ಅವರ ಊರಿಗೆ ಸೀರೆ ಮಾರುವವರ ಕೊರಿಯರ್ ಬರುತ್ತಿರಲಿಲ್ಲ. ಹಾಗಾಗಿ ರಂಜಿತಾ ಪೊನ್ನಂಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ ತಂಗಿ ವೀಣಾಳ ರೂಮಿನ ವಿಳಾಸ ಕೊಟ್ಟಿದ್ದಳು. ಶುಕ್ರವಾರ ವೀಣಾ ಫೋನ್ ಮಾಡಿ, "ಇವತ್ತು ಬಂತು ಕಣೆ" ಎಂದಳು. ಶನಿವಾರ ಮನೆಗೆ ಬಂದವಳು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು, ತಲೆನೋವೆಂದು ಒಳಗೆ ಹೋಗಿ ಮಲಗಿಬಿಟ್ಟಳು.

ಸೀರೆಯ ಬಣ್ಣ ಚಲುವಮ್ಮನಿಗೂ ಹಿಡಿಸಿತು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದನ್ನ ಯಾರೋ ಉಟ್ಟವ್ರೆ ಕಣೆ."

"ಹೋಗಮ್ಮ. ಪೆಟ್ಟಿಗೇಲಿ ಅದುಮಿಟ್ರೆ ಸುಕ್ಕಾಗಲ್ವಾ?"

"ಮಡಚಿದ್ ಸುಕ್ಕು ನಂಗೊತ್ತಿಲ್ವಾ? ಅದು ನೆಟ್ಟಗಿರುತ್ತೆ. ಇದು ಸೊಂಟಕ್ಕೆ ಸಿಕ್ಕಿಸಿದ್ ನೆರಿಗೆ. ಯಾರ ಮನೇಲಿ ಏನ್ ಕೆಟ್ಟದ್ದು ನಡ್ದು ವಾಪಸ್ ಕಳ್ಸಿದ್ರೋ, ಅದನ್ನೇ ನಿಂಗೆ ಕಳ್ಸವ್ರೆ."

ರಂಜಿತಾ ನಕ್ಕುಬಿಟ್ಟಳು. ಆದರೆ ಪೆಟ್ಟಿಗೆಯ ಟೇಪಿನ ಮೇಲೆ ಇನ್ನೊಂದು ಟೇಪ್ ಅಂಟಿಸಿದ್ದು ಕಣ್ಣಿಗೆ ಬಿದ್ದಾಗ ನಗು ಉಳಿಯಲಿಲ್ಲ. ಸೀರೆಯ ಫೋಟೋ ತೆಗೆದು, "ಇದು ಹೊಸದೇ?" ಎಂದು ಮಾರಿದವರಿಗೆ ಮೆಸೇಜ್ ಹಾಕಿದಳು. ಉತ್ತರ ಬರಲಿಲ್ಲ. ಕಳ್ಳರೇ ಇರಬೇಕು ಎನಿಸಿತು.

ಭಾನುವಾರ ಸೀರೆಯನ್ನು ಒಳಮೈಗೆ ತಿರುಗಿಸಿ, ಮೇಲೆ ಹತ್ತಿಬಟ್ಟೆ ಹಾಸಿ, ಸಣ್ಣ ಕಾವಿನಲ್ಲಿ ಇಸ್ತ್ರಿ ಮಾಡಿ ನೋಡಿದಳು. ಸೆರಗಿನ ಸುಕ್ಕು ಹೋಯಿತು. ನೆರಿಗೆಯ ಗೆರೆಗಳು ಹೋಗಲಿಲ್ಲ. ವೀಣಾ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಜಾಸ್ತಿ ಉಜ್ಬೇಡ, ಜರಿ ಸುಟ್ಟೋಗುತ್ತೆ" ಎಂದಷ್ಟೇ ಹೇಳಿದಳು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟುಹೋದಳು.

ಅವತ್ತೇ ರಂಜಿತಾ ಸೀರೆಯನ್ನು ಕುಶಾಲನಗರದ ಪ್ರೇಮಾವತಿಯ ಹತ್ತಿರ ಒಯ್ದಳು. ಮದುವಣಗಿತ್ತಿಯರ ಸೀರೆಗೆ ಮೊದಲೇ ನೆರಿಗೆ ಹಿಡಿದು, ಇಸ್ತ್ರಿ ಹಾಕಿ, ಮಡಚಿ ಕೊಡುವುದು ಆಕೆಯ ಕೆಲಸ. ಪ್ರೇಮಾವತಿ ಸೀರೆಯನ್ನು ಮೇಜಿನ ಮೇಲೆ ಹರವಿ ಬೆರಳಾಡಿಸಿದಳು.

"ನಿಮ್ಮಮ್ಮ ಹೇಳಿದ್ದು ಸರಿ. ಉಟ್ಟಿದ್ದಾರೆ. ನಿನಗಿಂತ ನಾಲ್ಕು ಬೆರಳು ಗಿಡ್ಡ ಇರ್ಬೇಕು. ಇಲ್ನೋಡು, ತೊಡೆ ಹತ್ರ ಸುಕ್ಕೆಲ್ಲ ಒಂದೇ ಕಡೆಗೆ ಎಳ್ಕೊಂಡಿದೆ. ಬೈಕಲ್ಲಿ ಒಂದ್ ಬದಿಗೆ ಕೂತು ಬಹಳ ದೂರ ಹೋದ್ರೆ ಹಿಂಗಾಗೋದು." ಇನ್ನೊಮ್ಮೆ ನೆರಿಗೆಯನ್ನು ಮುಟ್ಟಿದಳು. "ಎಲ್ಲಾರ ನೆರಿಗೇನೂ ಎಡಕ್ಕೆ ತಿರುಗಿರುತ್ತೆ. ಇದು ಬಲಕ್ಕೆ. ಎಡಗೈಯವಳೇನೋ."

ರಂಜಿತಾ ಆ ನೆರಿಗೆಯನ್ನು ತಾನೇ ಮುಟ್ಟಿ ನೋಡಿದಳು. ಅವಳಿಗೆ ಗೊತ್ತಿದ್ದ ಎಡಗೈಯವಳು ಒಬ್ಬಳೇ.

ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ಮಾರಿದವರು ಪ್ಯಾಕ್ ಮಾಡಿದ ವಿಡಿಯೋ ಕಳಿಸಿದ್ದರು. ಸೀರೆ ಮಗ್ಗದಿಂದ ಈಗಷ್ಟೇ ಇಳಿದಂತೆ ಇತ್ತು, ಪೆಟ್ಟಿಗೆಗೆ ಒಂದೇ ಟೇಪು. ಕೆಳಗೊಂದು ಸಾಲು: "ಮೇಡಂ, ಪಾರ್ಸಲ್ ಮಂಗಳವಾರವೇ ತಲುಪಿದೆ."

ಸೀರೆಯನ್ನು ಅಲ್ಲೇ ಬಿಟ್ಟು ರಂಜಿತಾ ಪೊನ್ನಂಪೇಟೆಗೆ ಹೋಗಲು ಗೋಣಿಕೊಪ್ಪದ ಬಸ್ ಹತ್ತಿದಳು. ದಾರಿಯುದ್ದಕ್ಕೂ ಮಂಗಳವಾರದಿಂದ ಶುಕ್ರವಾರದವರೆಗಿನ ನಾಲ್ಕು ದಿನಗಳನ್ನು ತಿರುವಿ ಹಾಕಿದಳು. ತಂಗಿ ಆಸೆಗೆ ಉಟ್ಟು ಫೋಟೋ ತೆಗೆಸಿಕೊಂಡಿದ್ದರೆ ಸುಳ್ಳು ಯಾಕೆ ಹೇಳಬೇಕು? ಬೈಕು ಯಾರದು?

ಕಚೇರಿಯ ಹೊರಗೆ ವೀಣಾ ಅಕ್ಕನನ್ನು ನೋಡಿದ ಕೂಡಲೇ ಊಟದ ಡಬ್ಬಿ ಮುಚ್ಚಿದಳು.

"ಎಲ್ಲಿಗೆ ಉಟ್ಕೊಂಡು ಹೋಗಿದ್ದೆ?"

"ರಿಜಿಸ್ಟರ್ ಆಫೀಸಿಗೆ. ಗುರುವಾರ." ವೀಣಾ ನೆಲ ನೋಡಿದಳು. "ಅಲ್ಲಿಂದ ಮಿಲನ್ ಬೈಕಲ್ಲಿ ಭಾಗಮಂಡಲಕ್ಕೆ ಹೋಗಿ ಕೈಮುಗಿದು ಬಂದ್ವಿ."

ಮಿಲನ್ ಪಕ್ಕದ ಕಚೇರಿಯ ಸರ್ವೇಯರ್, ಕೊಡಗಿನ ಅರೆಭಾಷೆ ಮಾತಾಡುವ ಗೌಡರ ಹುಡುಗ. ಹಬ್ಬಕ್ಕೊಮ್ಮೆ ಮನೆಗೂ ಬಂದು ಹೋಗಿದ್ದ. ರಂಜಿತಾ ಅವನ ಕೈಗೆ ಕಾಫಿ ಕೊಟ್ಟಿದ್ದಳು, ಯಾವ ಅನುಮಾನವೂ ಬಂದಿರಲಿಲ್ಲ.

"ನನ್ನ ಧಾರೆ ಸೀರೆ ಉಟ್ಟು? ನಂಗೊಂದ್ ಮಾತೂ ಹೇಳದೆ?"

"ಹೇಳಿದ್ರೆ ಏನ್ಮಾಡ್ತಿದ್ದೆ?" ವೀಣಾಳ ದನಿ ಏರಿತು. "ನವೀನ್ ಬಾವನ ತಮ್ಮ ನಾಗಾರ್ಜುನನ್ನ ನಂಗೆ ಗೊತ್ತು ಮಾಡಿ, ಒಂದೇ ಮಂಟಪದಲ್ಲಿ ಎರಡು ಮದುವೆ ಮುಗಿಸೋಣ ಅಂತ ಅಪ್ಪ ಮಾತಾಡ್ತಿದ್ದಾಗ ನೀನೂ ಅಲ್ಲೇ ಇದ್ದೆ. ಅಕ್ಕತಂಗೀರು ಒಂದೇ ಮನೇಲಿ ಇರ್ತೀವಿ, ಒಳ್ಳೇದೇ ಅಂದೆ. ನನ್ನನ್ನ ಒಬ್ರಾದ್ರೂ ಕೇಳಿದ್ರಾ?"

ರಂಜಿತಾ ತಂಗಿಯ ಪಕ್ಕ ಕೂತಳು. ಕೇಳಿರಲಿಲ್ಲ. ಅತ್ತೆ ಮನೆಯಲ್ಲಿ ತನಗೊಬ್ಬಳು ಜೊತೆಯಾದಾಳು ಎಂದಷ್ಟೇ ಯೋಚಿಸಿದ್ದಳು.

"ಚೂಡಿದಾರಲ್ಲೇ ಹೋಗೋಣ ಅಂತಿದ್ದೆ ಕಣೆ," ವೀಣಾ ಈಗ ಅಳುತ್ತಿದ್ದಳು. "ನೋಡೋಣ ಅಂತ ಪೆಟ್ಟಿಗೆ ತೆಗೆದೆ. ಮತ್ತೆ ಮುಚ್ಚೋಕಾಗ್ಲಿಲ್ಲ."

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ಅಪ್ಪ ಪುಟ್ಟರಾಜು ಶುಂಠಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ವೀಣಾ ಅರ್ಧ ಹೇಳಿದಳು, ಉಳಿದದ್ದನ್ನು ರಂಜಿತಾಳೇ ಹೇಳಿದಳು. ಚಲುವಮ್ಮ ಹಣೆ ಬಡಿದುಕೊಂಡಳು. ಪುಟ್ಟರಾಜು ಕೂಗಾಡಲಿಲ್ಲ. ಕಾಲು ಒರೆಸಿಕೊಂಡು ಜಗಲಿಯ ಮೇಲೆ ಕೂತು ಕೇಳಿದ:

"ನಿನ್ನ ಕಡೆಯಿಂದ ಸಾಕ್ಷಿ ಸೈನ್ ಯಾರು ಹಾಕಿದ್ರು?"

"ಜೆರಾಕ್ಸ್ ಅಂಗಡಿ ಅನಿಲ್‌ಕುಮಾರ್ ಅಣ್ಣ."

"ನಾನು ಬದುಕಿರುವಾಗ ಜೆರಾಕ್ಸ್ ಅಂಗಡಿಯವನು," ಎಂದು ಪುಟ್ಟರಾಜು ಎದ್ದು ಹೊಲಕ್ಕೇ ವಾಪಸ್ ಹೋದ.

ಹದಿನೈದು ದಿನ ಅವನು ವೀಣಾಳ ಜೊತೆ ಮಾತಾಡಲಿಲ್ಲ. ನಾಗಾರ್ಜುನನ ವಿಷಯ ಮುಗಿಯಿತೆಂದು ರಂಜಿತಾಳೇ ನವೀನನಿಗೆ ಫೋನ್ ಮಾಡಿ ತಿಳಿಸಿದಳು. ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ ಎಂದು ನವೀನನ ಮನೆಯವರು ಎರಡು ಸಲ ಬಂದು ವಿಚಾರಿಸಿದರು. ಆ ಸೀರೆ ಮುಟ್ಟಕೂಡದೆಂದು ಚಲುವಮ್ಮ ಹಟ ಹಿಡಿದಳು. ರಂಜಿತಾ ಅದನ್ನೇ ಉಟ್ಟಳು. ಧಾರೆಗೆ ನಾಗಾರ್ಜುನ ಬರಲಿಲ್ಲ.

ಮಿಲನ್ ತನ್ನ ತಂದೆ ಬೋಜಪ್ಪನ ಜೊತೆ ಬಂದು ಮಂಟಪದ ಕೊನೆಯ ಸಾಲಿನಲ್ಲಿ ಕೂತಿದ್ದ. ಬಡಿಸುವಾಗ ಪುಟ್ಟರಾಜು ಪಾಯಸದ ಬಕೆಟ್ ಹಿಡಿದು ಆ ಪಂಕ್ತಿಗೂ ಬಂದ. ಇಬ್ಬರ ಎಲೆಗೂ ಬಡಿಸಿದ. ಬೋಜಪ್ಪ ಸಾಕೆಂದು ಕೈ ಅಡ್ಡ ಹಿಡಿದರು. "ಇನ್ನೊಂದ್ ಸೌಟು ಹಾಕಿಸ್ಕೊಳ್ಳಿ," ಎಂದು ಪುಟ್ಟರಾಜು ಅವರ ಮುಖ ನೋಡದೆಯೇ ಹೇಳಿದ.